ಶಿವಕುಮಾರಿಯ ಫಾರ್ಮ್

ಜೋಗೇಶ್ವರಿ ಪೂರ್ವ, ಮುಂಬಯಿ
೧೮ ಮೇ ೨೦೨೫

ಪ್ರೀತಿಯ ದೊಡ್ಡಮ್ಮ,

ಮದುವೆಗೆ ಬಂದವರೆಲ್ಲ ಬೆಳ್ಳಿ ದೀಪ, ಮಿಕ್ಸಿ, ಗೋಡೆ ಗಡಿಯಾರ ಕೊಟ್ಟರೆ ನೀನೊಬ್ಬಳು ಸ್ಟಾಂಪು ಅಂಟಿಸಿದ ಹನ್ನೆರಡು ಲಕೋಟೆ ಕೊಟ್ಟೆ. "ಮೊಬೈಲಲ್ಲಿ ನೀನು ಇಂಗ್ಲಿಷ್ ಅಕ್ಷರದಲ್ಲಿ ಬರಿಯೋ ಕನ್ನಡ ನಂಗೆ ತಲೆನೋವು ಕಣೇ, ಕಾಗದ ಬರಿ" ಎಂದೆ. ಇಗೋ, ಮೊದಲನೆಯದು! ಕಾನ್ವೆಂಟಿನಲ್ಲಿ ಓದಿದವಳನ್ನು ಬೇಸಿಗೆ ರಜೆಯಲ್ಲಿ ಹಿಡಿದು ಕೂರಿಸಿ ಉಕ್ತಲೇಖನ ಬರೆಸುತ್ತಿದ್ದೆಯಲ್ಲ, ಆ ಕನ್ನಡವೇ ಇದು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ. ವಿಕ್ರಂ ನೋಡಿದರೆ ಮಾನ ಹೋಗುತ್ತದೆ.

ಮುಂಬಯಿ ಎಷ್ಟು ಚೆನ್ನಾಗಿದೆ ದೊಡ್ಡಮ್ಮ! ಮದುವೆಯಾಗಿ ಐವತ್ತೊಂದು ದಿನ, ಒಂದು ದಿನವೂ ಬೇಜಾರಾಗಿಲ್ಲ. ನಮ್ಮ ಮನೆ ನಾಲ್ಕನೇ ಮಹಡಿ. ಅಡುಗೆಮನೆಯ ಕಿಟಕಿಯ ಕೆಳಗೆ ಸ್ಕ್ರೂ ತಯಾರಿಸುವ ಶೆಡ್ಡು. ಬೆಳಿಗ್ಗೆ ಒಂಬತ್ತಕ್ಕೆ ಅದು ಶುರುವಾದರೆ ನನ್ನ ಡಬ್ಬಿಯೊಳಗಿನ ಸಾಸಿವೆಯೂ ಕುಣಿಯುತ್ತದೆ! ವಿಕ್ರಂ ಎಂಟು ಹನ್ನೆರಡರ ಲೋಕಲ್ ಹಿಡಿದು ಆಫೀಸಿಗೆ ಹೋಗುತ್ತಾನೆ. ಇಲ್ಲೇ ಹುಟ್ಟಿ ಬೆಳೆದವನ ಕನ್ನಡ ನೀನು ಕೇಳಬೇಕು. ನಿನ್ನೆ ಅಮ್ಮನಿಗೆ ಫೋನಿನಲ್ಲಿ, "ಅತ್ತೆ, ನಾನು ಆರಾಮ್ ಇದೆ, ನೀವು ಟೆನ್ಶನ್ ತಗೋಬೇಡ" ಎಂದ. ಅಮ್ಮ ನಗಲೂ ಆಗದೆ, ಸುಮ್ಮನಿರಲೂ ಆಗದೆ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಈಗ ದೊಡ್ಡ ಸುದ್ದಿ. ನಮ್ಮ ಮನೆಯ ಪಾತ್ರೆ, ನೆಲದ ಕೆಲಸಕ್ಕೆ ಸುಂದ್ರವ್ವ ಬರುತ್ತಾಳೆ. ಸಿಂದಗಿ ಕಡೆಯವಳು, ಹಿಂದಿನ ಗಲ್ಲಿಯಲ್ಲಿ ಮನೆ. ಮೊನ್ನೆ ಬಂದವಳು ಕಸಬರಿಗೆಯನ್ನು ಕೈಯಲ್ಲೇ ಹಿಡಿದು ನಿಂತಳು. "ಬಾಯಾರ, ನಮ್ಮ ಶಿವಕುಮಾರಿ ಹತ್ತನೇತ್ತೆ ಪಾಸ್ ಆಗ್ಯಾಳ್ರಿ. ಎಪ್ಪತ್ತೆಂಟ ಅಂತ. ಛಲೋ ಏನ್ರಿ ಅದು?"

ಛಲೋನಾ ಎಂದು ಕೇಳುತ್ತಾಳೆ! ಮುನಿಸಿಪಾಲಿಟಿಯ ಕನ್ನಡ ಶಾಲೆ, ಮನೆಯಲ್ಲಿ ಕೂತು ಓದಲು ಜಾಗವಿಲ್ಲ, ಅದರಲ್ಲಿ ಶೇಕಡ ಎಪ್ಪತ್ತೆಂಟು! ನಾನು ಅವಳನ್ನು ಅಪ್ಪಿಕೊಂಡೇಬಿಟ್ಟೆ.

ನಮ್ಮ ಪಿಯುಸಿಯನ್ನು ಇಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ಪ್ರವೇಶಕ್ಕೆ ಕಂಪ್ಯೂಟರಿನಲ್ಲೇ ಫಾರ್ಮ್ ತುಂಬಬೇಕು, ಹತ್ತು ಕಾಲೇಜು ಆರಿಸಬೇಕು, ಯಾವುದು ಸಿಗುತ್ತದೆಂದು ಪಟ್ಟಿ ಬರುತ್ತದೆ. ಎಲ್ಲ ಇಂಗ್ಲಿಷ್, ಮರಾಠಿ. ಸುಂದ್ರವ್ವ ಹೆದರಿದ್ದಳು. "ನಾನಿದ್ದೀನಲ್ಲ!" ಎಂದೆ. ಅಂಧೇರಿಯಲ್ಲಿ ಒಂದು ಕಾಲೇಜಿದೆ ದೊಡ್ಡಮ್ಮ, ಅದರ ಗೇಟು ನೋಡಿದರೇ ಓದಬೇಕೆನಿಸುತ್ತದೆ. ಕ್ಯಾಂಟೀನಿನಲ್ಲಿ ಹತ್ತು ಬಗೆಯ ಸ್ಯಾಂಡ್‌ವಿಚ್! ಅದನ್ನೇ ಮೊದಲ ಆಯ್ಕೆ ಮಾಡುತ್ತೇನೆ.

ನಿನ್ನ ಮುದ್ದಿನ,
ಸುಪ್ರಜಾ


ನಂಜನಗೂಡು
೨೯ ಮೇ ೨೦೨೫

ಚಿ. ಸೌ. ಸುಪ್ರಜಾಳಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಆಶ್ಚರ್ಯಸೂಚಕ ಚಿಹ್ನೆಗಳನ್ನು ಎಣಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಮದುವೆಯಾದ ಹೊಸತರಲ್ಲಿ ನಿನ್ನ ದೊಡ್ಡಪ್ಪ ನನಗೆ ಬರೆದ ಕಾಗದಗಳಲ್ಲಿ ಎಲ್ಲ ಸೇರಿ ಒಂದಿತ್ತು. ಅದೂ ಗ್ಯಾಸ್ ಸಿಲಿಂಡರ್ ಮಂಜೂರಾದದ್ದಕ್ಕೆ.

ನೀನು ಸುಖವಾಗಿರುವುದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಸಂತೋಷ. ಅಳಿಯಂದಿರ ಕನ್ನಡವನ್ನು ತಿದ್ದಲು ಹೋಗಬೇಡ. ಅಷ್ಟು ಮಾತಾಡುತ್ತಾರಲ್ಲ, ಸಾಕು. ನಮ್ಮ ಬೀದಿಯಲ್ಲೇ ಹುಟ್ಟಿದ ಮಕ್ಕಳು ಅಷ್ಟೂ ಮಾತಾಡುವುದಿಲ್ಲ.

ಒಂದು ಕೇಳಬೇಕು. ಕಾಲೇಜಿನ ಗೇಟು, ಕ್ಯಾಂಟೀನು, ಸ್ಯಾಂಡ್‌ವಿಚ್ ಎಲ್ಲ ಬರೆದಿದ್ದೀಯ. ಆ ಹುಡುಗಿಗೆ ಏನು ಓದಬೇಕೆಂದಿದೆ? ಅದೊಂದನ್ನು ಬರೆದಿಲ್ಲ.

ಇಂತಿ,
ಪುಟ್ಟಲಕ್ಷ್ಮಿ


ಜೋಗೇಶ್ವರಿ
೧೨ ಜೂನ್ ೨೦೨೫

ಪ್ರೀತಿಯ ದೊಡ್ಡಮ್ಮ,

ಹೆಡ್‌ಮಿಸ್ ಯಾವತ್ತೂ ಹೆಡ್‌ಮಿಸ್ಸೇ! ನಿನ್ನ ಕಾಗದ ಓದಿ ನಾಚಿಕೆಯಾಯಿತು. ಶಿವಕುಮಾರಿಯನ್ನು ನಾನು ಕೇಳಿಯೇ ಇರಲಿಲ್ಲ. ಅವಳನ್ನು ಕರೆಸಿ, ಎದುರು ಕೂರಿಸಿ, ಚಕ್ಕುಲಿ ಕೊಟ್ಟು ಕೇಳಿದೆ.

"ನಂಗ ಲ್ಯಾಬಿನ್ಯಾಗ ಕೆಲಸ ಮಾಡಬೇಕ್ರಿ ಅಕ್ಕಾರ. ರಕ್ತಾ ತಗೊಂಡು ರಿಪೋರ್ಟ್ ಕೊಡ್ತಾರಲ್ರಿ, ಅದು" ಎಂದಳು.

ಯಾಕೆ ಎಂದೆ.

"ಹ್ವಾದ ವರ್ಷ ಅವ್ವಗ ಆರಾಮ ಇರಲಿಲ್ಲ. ರಿಪೋರ್ಟ್ ಕೈಯಾಗ ಕೊಟ್ರು, ಡಾಕ್ಟರ್ ಮೂರ ದಿನ ರಜಾ. ನಮಗ ಓದಾಕ ಬರಲಿಲ್ಲ. ಅವ್ವ ಸಾಯ್ತಾಳ ಅಂತ ಆ ಮೂರ ದಿನದಾಗ ನಾ ರೊಟ್ಟಿ ಬಡಿಯೂದು ಕಲ್ತೆ. ಆಮ್ಯಾಲ ನೋಡಿದ್ರ ಎಲ್ಲಾ ನಾರ್ಮಲ್ ಅಂತ ಬರ್ದಿತ್ರಿ."

ಹೇಳಿ ನಕ್ಕಳು. ನನಗೆ ನಗಲಾಗಲಿಲ್ಲ.

ಆದ್ದರಿಂದ ವಿಜ್ಞಾನ! ಇಂಗ್ಲಿಷ್ ಪದಗಳನ್ನು ನಾನು ಹೇಳಿಕೊಡುತ್ತೇನೆಂದು ಒಪ್ಪಿದ್ದೇನೆ. ನಿನ್ನೆ ಸಂಜೆ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತು ಫಾರ್ಮ್ ತುಂಬಿದೆವು. ಸುಂದ್ರವ್ವ ಸೀರೆಯ ಮಡಿಕೆಯೊಳಗಿಂದ ಜಾತಿ ಪ್ರಮಾಣಪತ್ರ ತೆಗೆದಳು. ಅವಳ ಗಂಡ ನಾಲ್ಕು ಸಲ ಊರಿಗೆ ಹೋಗಿ, ತಹಶೀಲ್ದಾರರ ಕಚೇರಿ ಸುತ್ತಿ ತಂದದ್ದಂತೆ. ಲ್ಯಾಮಿನೇಶನ್ ಬೇರೆ! ಮೀಸಲಾತಿಯ ಕಾಲಂನಲ್ಲಿ ಎಸ್.ಸಿ. ಎಂದು ಆರಿಸಿ ಪತ್ರದ ಫೋಟೋ ಏರಿಸಿದೆ. ತಕ್ಷಣ ಹಸಿರು ಗುರುತು ಬಂತು. ಮೂವರೂ ಚಪ್ಪಾಳೆ ತಟ್ಟಿದೆವು. ವಿಕ್ರಂ ಹಿಂದಿನಿಂದ, "ಸುಪ್ಪಿ, ಅಷ್ಟು ದೊಡ್ಡ ಇನ್‌ಸ್ಟ್ರಕ್ಷನ್ ನೀನು ಓದ್ಲೇ ಇಲ್ಲ" ಎಂದ. "ಎಲ್ಲಾ ಫಾರ್ಮಲ್ಲೂ ಅದೇ ಇರುತ್ತೆ ಬಿಡು, 'ಓದಿದ್ದೇನೆ' ಅಂತ ಒತ್ತಿದರೆ ಆಯ್ತು" ಎಂದೆ.

ಅಂದ ಹಾಗೆ, ಟೀವಿಯಲ್ಲಿ ಇಲ್ಲಿನ ಭಾಷೆಯ ಜಗಳ ನೋಡಿ ಹೆದರಿದ್ದೀಯಂತೆ, ಅಮ್ಮ ಹೇಳಿದಳು. ಕೇಳು. ಭಾನುವಾರ ಗ್ರಾಂಟ್ ರೋಡಿನಲ್ಲಿ ನಮ್ಮ ಕಡೆಯ ದೋಸೆ ತಿನ್ನಲು ಹೊರಟಿದ್ದೆವು. ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಮರಾಠಿ ಚಿಕ್ಕಮ್ಮ ಒಬ್ಬರು, ಇಲ್ಲಿಯವರ ಬಾಯಲ್ಲಿ ಕಾಕೂ, "ಮರಾಠಿ ಯೇತ್ ನಾಹೀ ಕಾ?", ಮರಾಠಿ ಬರುವುದಿಲ್ಲವೇ, ಎಂದು ಗದರಿದರು. ನಾನು ಹಲ್ಲು ಕಿರಿದು, "ಮೀ ಶಿಕ್ತೇ ಆಹೇ" ಎಂದೆ. ಕಲಿಯುತ್ತಿದ್ದೇನೆ ಎಂದು! ಅಷ್ಟೇ ದೊಡ್ಡಮ್ಮ, ಇಡೀ ಡಬ್ಬವೇ ನನಗೆ ಮೇಷ್ಟ್ರಾಯಿತು. ದಾದರ್‌ವರೆಗೆ ಕ್ರಿಯಾಪದ, ಆಮೇಲೆ ತರಕಾರಿಗಳ ಹೆಸರು. ಇಳಿಯುವಾಗ ಆ ಕಾಕೂ ಉಪ್ಪು ಹಚ್ಚಿದ ಸೌತೆಕಾಯಿ ಕೊಟ್ಟರು. ಟೀವಿಯವರು ಆ ಡಬ್ಬಕ್ಕೆ ಯಾಕೆ ಬರುವುದಿಲ್ಲ?

ನಿನ್ನ,
ಸುಪ್ರಜಾ


ಜೋಗೇಶ್ವರಿ
೧ ಜುಲೈ ೨೦೨೫

ದೊಡ್ಡಮ್ಮಾ!!!

ಮೊದಲ ಪಟ್ಟಿ! ಮೊದಲ ಆಯ್ಕೆ! ವಿಜ್ಞಾನ! ಅದೇ ಗೇಟಿನ ಕಾಲೇಜು!

ಸುಂದ್ರವ್ವ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನಿಂದ ಹಿಡಿದು ಆರನೇ ಮಹಡಿಯವರೆಗೆ ಪೇಢೆ ಹಂಚಿದಳು. ಶಿವಕುಮಾರಿ ಮಾತ್ರ ಒಂದೇ ಸಮನೆ ಫೋನಿನ ಪರದೆ ನೋಡುತ್ತಾ, "ಅಕ್ಕಾರ, ಇದು ನಂದೇ ಹೆಸರಲ್ರಿ?" ಎಂದು ಮೂರು ಸಲ ಕೇಳಿದಳು. ನಾನು ಎಷ್ಟು ಕುಣಿದೆನೆಂದರೆ ಕೆಳಗಿನ ಮನೆಯವರು ಸೂರು ಬಡಿದರು. ಶುಕ್ರವಾರ ಕಾಗದಪತ್ರ ತೋರಿಸಿ ಸೀಟು ಪಕ್ಕಾ ಮಾಡಿಕೊಳ್ಳುವುದಷ್ಟೇ ಬಾಕಿ.

ನೀನು ಕೇಳದಿದ್ದರೆ ನಾನು ಅವಳನ್ನು ಕಾಮರ್ಸಿಗೆ ಹಾಕಿಬಿಡುತ್ತಿದ್ದೆ. ಆದ್ದರಿಂದ ಈ ಸೀಟಿನಲ್ಲಿ ನಿನ್ನದೂ ಅರ್ಧ!

ಗಾಳಿಯಲ್ಲಿ ತೇಲುತ್ತಿರುವ,
ಸುಪ್ರಜಾ


ನಂಜನಗೂಡು
೧೯ ಜುಲೈ ೨೦೨೫

ಚಿ. ಸೌ. ಸುಪ್ರಜಾಳಿಗೆ ಆಶೀರ್ವಾದಗಳು.

ಎರಡೂವರೆ ವಾರದಿಂದ ಕಾಗದವಿಲ್ಲ. ನಿನ್ನ ಅಮ್ಮನನ್ನು ಕೇಳಿದರೆ, "ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಾಳೆ, ಸೀಟಿನ ವಿಷಯ ಎತ್ತಿದರೆ ಮಾತ್ರ ಕುಕ್ಕರ್ ಕೂಗಿತು ಎಂದು ಇಟ್ಟುಬಿಡುತ್ತಾಳೆ" ಎಂದಳು.

ಏನಾಯಿತು?

ಪುಟ್ಟಲಕ್ಷ್ಮಿ


ಜೋಗೇಶ್ವರಿ
೨೪ ಜುಲೈ ೨೦೨೫

ದೊಡ್ಡಮ್ಮ,

ಸೀಟು ಹೋಯಿತು. ನನ್ನಿಂದ ಹೋಯಿತು.

ಅಂದು ಶುಕ್ರವಾರ ನಾನೂ ಶಿವಕುಮಾರಿಯೂ ಹೋದೆವು. ಕೌಂಟರಿನಲ್ಲಿದ್ದಾಕೆ ಒಳ್ಳೆಯವರೇ. ಜಾತಿ ಪತ್ರವನ್ನು ತಿರುಗಿಸಿ ನೋಡಿ, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಪತ್ರ ಸರಿಯಾಗಿದೆ, ಆದರೆ ಕರ್ನಾಟಕದ್ದು. ಬೇರೆ ರಾಜ್ಯದ ಪತ್ರಕ್ಕೆ ಇಲ್ಲಿ ಮೀಸಲು ಸೀಟು ಕೊಡಲು ಬರುವುದಿಲ್ಲ. ಇವಳು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬೇಕಿತ್ತು, ಅದಕ್ಕೆ ತಕ್ಕ ಕಾಲೇಜು ಆರಿಸಬೇಕಿತ್ತು. "ಸೂಚನೆಯಲ್ಲೇ ಇದೆ, ಓದಲಿಲ್ಲವೇ?" ಎಂದರು. ಇತ್ತು. ಆ 'ಓದಿದ್ದೇನೆ' ಎಂದು ಒತ್ತಿದ ಪುಟದಲ್ಲೇ ಇತ್ತು.

ಎರಡನೇ ಪಟ್ಟಿಯ ಹೊತ್ತಿಗೆ ಆಯ್ಕೆಗಳನ್ನೆಲ್ಲ ಬದಲಿಸಿದೆ. ಆದರೆ ಎಪ್ಪತ್ತೆಂಟಕ್ಕೆ ಸಿಗುವ ವಿಜ್ಞಾನದ ಸೀಟುಗಳು ಆಗಲೇ ತುಂಬಿದ್ದವು. ಅವಳ ಹೆಸರು ಎಲ್ಲೂ ಇಲ್ಲ.

ಜಾತಿ ಗಣತಿಯ ಬಗ್ಗೆ ಊಟದ ಮೇಜಿನಲ್ಲಿ ಎಷ್ಟು ಜೋರಾಗಿ ಮಾತಾಡುತ್ತಿದ್ದೆ ನಾನು! ಆದರೆ ನನ್ನ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಜಾತಿ ಪತ್ರವೊಂದನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿರಲಿಲ್ಲ. ಅದರಲ್ಲಿ ಯಾವ ರಾಜ್ಯದ ಮುದ್ರೆಯಿದೆ ಎಂದು ನೋಡಬೇಕೆಂದೇ ತಿಳಿದಿರಲಿಲ್ಲ.

ಇನ್ನೊಂದು ವಿಷಯವಿದೆ. ಬರೆಯಲು ಕೈ ಬರುತ್ತಿಲ್ಲ. ಸುಂದ್ರವ್ವನಿಗೆ ನಾನು, "ಕಂಪ್ಯೂಟರಲ್ಲಿ ಏನೋ ತಪ್ಪಾಗಿದೆ" ಎಂದೆ. ಶಿವಕುಮಾರಿ ಪಕ್ಕದಲ್ಲೇ ನಿಂತಿದ್ದಳು. ಅವಳ ಮರಾಠಿ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಕೌಂಟರಿನ ಮಾತು ಒಂದೂ ಬಿಡದೆ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿದಳು. ಅವ್ವನೆದುರು ನನ್ನನ್ನು ಬಿಟ್ಟುಕೊಡಲಿಲ್ಲ.

ಸುಂದ್ರವ್ವ ಮರುದಿನ ಗಲ್ಲಿಯಲ್ಲಿ ತನ್ನ ಪಕ್ಕದ ಮನೆಯ ಸೇವಂತಿಯನ್ನು ಕರೆದುಕೊಂಡು ಕಾಲೇಜಿಗೆ ಹೋಗಿ, ಕಂಪ್ಯೂಟರ್ ಸರಿ ಮಾಡಿ ಎಂದು ಗೇಟಿನಲ್ಲಿ ಜಗಳ ಮಾಡಿದಳಂತೆ. ಪತ್ರ ನಡೆಯುವುದಿಲ್ಲ ಎಂದು ಹೇಳಿ ಕಳಿಸಿದರು. ಸೇವಂತಿ ಅದನ್ನು ಗಲ್ಲಿಯಲ್ಲಿ ಹೇಳಿದ್ದು ಬೇರೆ ಥರ. ಸುಂದ್ರವ್ವ ಮಗಳಿಗಾಗಿ ಖೊಟ್ಟಿ ಪತ್ರ ಮಾಡಿಸಿ ಸಿಕ್ಕಿಬಿದ್ದಳು ಎಂದು.

ಈಗ ಶಿವಕುಮಾರಿ ಮೇಲಿನ ಮಹಡಿಯ ಮನೆಗಳಿಗೆ ಪಾತ್ರೆ ತೊಳೆಯಲು ಅವ್ವನ ಜೊತೆ ಬರುತ್ತಾಳೆ. ನಮ್ಮ ಮನೆಗೆ ಮಾತ್ರ ಬರುವುದಿಲ್ಲ.

ಸುಪ್ರಜಾ


ನಂಜನಗೂಡು
೩೦ ಜುಲೈ ೨೦೨೫

ಸುಪ್ರಜಾ,

ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯಲ್ಲಿ ಜೂನ್ ಒಂದು ಎಂದೇ ಬರೆಯುತ್ತಿದ್ದೆವು. ವರ್ಷವನ್ನು ಮಗುವಿನ ಎತ್ತರ ನೋಡಿ ಅಂದಾಜು ಮಾಡುತ್ತಿದ್ದೆವು. ನೂರಾರು ಮಕ್ಕಳ ಹುಟ್ಟುಹಬ್ಬ ನನ್ನ ಕೈಬರಹ.

ಒಬ್ಬನ ತಾಯಿ ವರ್ಷವನ್ನು ಸರಿಯಾಗಿಯೇ ಹೇಳಿದ್ದಳು. ಹುಡುಗ ಎತ್ತರವಿದ್ದ. ನಾನು ನಂಬದೆ ಒಂದು ವರ್ಷ ಹಿಂದಿನದು ಬರೆದೆ. ಹದಿನೆಂಟು ವರ್ಷದ ನಂತರ ಅವನು ಪೊಲೀಸ್ ಕೆಲಸದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ. ವಯಸ್ಸು ನಾಲ್ಕು ತಿಂಗಳು ಮೀರಿದೆ ಎಂದು ವಾಪಸ್ ಕಳಿಸಿದರು. ನನ್ನ ಹತ್ತಿರ ಬಂದು ಕೇಳಿದ. ಆಫೀಸಿನ ಗುಮಾಸ್ತರ ತಪ್ಪು ಎಂದೆ. ನಂಬಿದ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಅವನದೊಂದು ಹಣ್ಣಿನ ಅಂಗಡಿಯಿದೆ. ನನ್ನನ್ನು ಕಂಡರೆ ಎದ್ದು ನಿಂತು ಕೈಮುಗಿಯುತ್ತಾನೆ. ಹನ್ನೊಂದು ವರ್ಷದಿಂದ ಆ ನಮಸ್ಕಾರ ತೆಗೆದುಕೊಳ್ಳುತ್ತಿದ್ದೇನೆ.

ಫಾರ್ಮಿನಲ್ಲಿ ನೀನು ಮಾಡಿದ್ದು ತಪ್ಪು, ಅದು ಯಾರಿಗಾದರೂ ಆಗುತ್ತದೆ. ಕಂಪ್ಯೂಟರ್ ಎಂದದ್ದು ಬೇರೆ. ಆ ಹುಡುಗಿ ನಿನ್ನ ಮಾನವನ್ನು ಬಾಯಿಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ಹದಿನಾರು ವರ್ಷದವಳಿಗೆ ಅದು ಭಾರ. ಹೋಗಿ ಇಳಿಸು.

ಪುಟ್ಟಲಕ್ಷ್ಮಿ


ಜೋಗೇಶ್ವರಿ
೧೩ ಆಗಸ್ಟ್ ೨೦೨೫

ನನ್ನ ಪ್ರೀತಿಯ, ಪ್ರೀತಿಯ, ಪ್ರೀತಿಯ ದೊಡ್ಡಮ್ಮ,

ಕೂತ್ಕೋ. ಕನ್ನಡಕ ಹಾಕ್ಕೋ. ಉದ್ದ ಕಾಗದ ಇದು!

ನಿನ್ನ ಕಾಗದ ಬಂದ ಮರುದಿನ ಸುಂದ್ರವ್ವ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ನಿಂತೆ. ಎಲ್ಲ ಹೇಳಿದೆ. ಓದದೇ ಒತ್ತಿದ್ದು, ಕಂಪ್ಯೂಟರ್ ಎಂದು ಸುಳ್ಳು ಹೇಳಿದ್ದು, ಎಲ್ಲ. ಅವಳು ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಆ ಬಾಣಲೆ ಅಷ್ಟು ಹೊಳೆದದ್ದನ್ನು ನಾನು ನೋಡಿಲ್ಲ.

ಕೊನೆಗೆ, "ನಂಗ ಮೊದಲೇ ಸಂಶೇ ಇತ್ರಿ" ಎಂದಳು. "ತಪ್ಪ ಕಂಪ್ಯೂಟರಂದಾದ್ರ ನೀವ್ಯಾಕ ಒಂದ ವಾರ ನನ್ನ ಮಾರಿ ನೋಡದಂಗ ಚಾ ಕೊಟ್ರಿ?"

ನಾನು ಅಳತೊಡಗಿದೆ. ಅವಳಿಗೆ ಸಿಟ್ಟು ಬಂತು. "ಅಳಬ್ಯಾಡ್ರಿ ಬಾಯಾರ, ಅಳೂದ್ರಿಂದ ನನಗೇನ ಬರ್ತದ? ಗಲ್ಲ್ಯಾಗ ಎಲ್ಲಾರೂ ನನ್ನ ಮಗಳ ಕಾಗದ ಖೊಟ್ಟಿ ಅಂತಾರ. ನನ್ನ ಗಂಡ ನಾಕ ಸಲ ಹೋಗಿ ತಂದದ್ದದ ಅದು. ನನ್ನ ಮುಂದ ಹೇಳಿದ್ದು ಸಾಕಾಗಂಗಿಲ್ಲ. ಅಲ್ಲಿ ಬಂದು ಹೇಳ್ರಿ."

"ಯಾವಾಗ ಬರಲಿ?"

"ಸಂಜಿಗೆ ನಳ ಬಂದಾಗ. ಆವಾಗ ಒಬ್ಬರೂ ಮನಿಯಾಗ ಇರಂಗಿಲ್ಲ."

ದೊಡ್ಡಮ್ಮ, ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎಷ್ಟು ಕಪ್ಪು ಗೆದ್ದಿದ್ದೇನೆ ನಿನಗೆ ಗೊತ್ತು. ಆದರೆ ಮೂವತ್ತು ಕೊಡಗಳ ಸಾಲಿನ ಮುಂದೆ ನಿಂತಾಗ ಅದೊಂದೂ ನೆರವಿಗೆ ಬರಲಿಲ್ಲ. ವಿಕ್ರಂ ಜೊತೆಗೆ ಬಂದಿದ್ದ. ಸುಂದ್ರವ್ವ ಒಂದು ಕೊಡ ಬೋರಲು ಹಾಕಿ, ಕೈಯಿಂದ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದಳು. ನಾನು ಹೇಳಿದೆ. ಪತ್ರ ಅಸಲಿ, ಅದು ಕರ್ನಾಟಕದ್ದು ಎಂಬ ಕಾರಣಕ್ಕೆ ಇಲ್ಲಿ ನಡೆಯಲಿಲ್ಲ, ನಿಯಮ ಓದಬೇಕಾದವಳು ನಾನು, ಓದಲಿಲ್ಲ.

ಸೇವಂತಿ ಸೊಂಟದ ಮೇಲೆ ಕೈಯಿಟ್ಟು, "ಅಯ್ಯ, ಇಂಗ್ಲಿಷ್ ಶಾಲಿ ಕಲ್ತಾಕಿಗೇ ಓದಾಕ ಬರ್ಲಿಲ್ಲಂತ!" ಎಂದಳು. ಗಲ್ಲಿಯೆಲ್ಲ ನಕ್ಕಿತು. ನನ್ನ ಗಂಡನಿಗೆ ಪೌರುಷ ಬಂತು. ಮುಂದೆ ಬಂದು ಗಟ್ಟಿಯಾಗಿ, "ನನ್ನ ಹೆಂಡತಿ ಒಳ್ಳೇದು ಇದೆ!" ಎಂದ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಆದರೆ ಸೇವಂತಿ ಆಮೇಲೆ ಮತ್ತೆ ಖೊಟ್ಟಿ ಎನ್ನಲಿಲ್ಲ. ಶಿವಕುಮಾರಿಯ ಕೊಡವನ್ನು ತಾನೇ ಮುಂದಕ್ಕೆ ಸರಿಸಿ ನಳದ ಕೆಳಗೆ ಇಟ್ಟಳು.

ಆಗ ಸಾಲಿನ ಹಿಂದಿನಿಂದ ಒಬ್ಬರು, "ಯಾವ ಶಿವಕುಮಾರಿ? ನಮ್ಮ ಶಿವಕುಮಾರೀನ?" ಎನ್ನುತ್ತಾ ಬಂದರು. ಅವಳ ಕನ್ನಡ ಶಾಲೆಯ ಗುರುಬಸವ ಮಾಸ್ತರರು! ಒಂದನೇ ತರಗತಿಗೆ ಮಕ್ಕಳು ಸಾಲದು, ಇನ್ನೂ ಕಮ್ಮಿಯಾದರೆ ಶಾಲೆಯನ್ನೇ ಮುಚ್ಚುತ್ತಾರೆ. ಅದಕ್ಕೇ ಅವರು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಹುಡುಕಿಕೊಂಡು ಗಲ್ಲಿ ಗಲ್ಲಿ ಅಲೆಯುತ್ತಾರಂತೆ. ವಿಷಯ ಕೇಳಿ ಹಣೆ ಬಡಿದುಕೊಂಡರು.

"ಭಾಷಾ ಅಲ್ಪಸಂಖ್ಯಾತರ ಕಾಲಂ ತುಂಬಿದ್ರೇನ್ರಿ ನೀವು?"

"ಅದು ಯಾರಿಗೆ ಸರ್?"

"ನಮಗ್ರಿ! ಕನ್ನಡದವರಿಗೆ! ಇಲ್ಲಿ ಕನ್ನಡ ಸಂಘದವರು ನಡಸೋ ಕಾಲೇಜದ. ತಾಯಿನುಡಿ ಕನ್ನಡ ಇದ್ದ ಮಕ್ಕಳಿಗೆ ಅಲ್ಲಿ ಬ್ಯಾರೇನ ಸೀಟ್ ಇಟ್ಟಿರ್ತಾರ. ವರ್ಷಾ ಒಂದಿಷ್ಟು ಖಾಲಿ ಉಳೀತಾವ."

ನಾನು ಆ ಕಾಲಂ ನೋಡಿದ್ದೆ ದೊಡ್ಡಮ್ಮ. 'ಅನ್ವಯಿಸುವುದಿಲ್ಲ' ಎಂದು ಒತ್ತಿದ್ದೆ! ಮೈಸೂರಿನಲ್ಲಿ ಹುಟ್ಟಿದವಳಿಗೆ ಕನ್ನಡದವರು ಅಲ್ಪಸಂಖ್ಯಾತರು ಎಂದು ಹೊಳೆಯುವುದಾದರೂ ಹೇಗೆ? ಒಂದೇ ಫಾರ್ಮಿನಲ್ಲಿ ಎರಡು ತಪ್ಪು. ಎರಡೂ, ನಾನು ಊರು ಬಿಟ್ಟು ಬಂದಿದ್ದೇನೆಂಬುದನ್ನೇ ಮರೆತು ಮಾಡಿದವು. ಅದನ್ನೂ ಅಲ್ಲೇ, ನಳದ ಮುಂದೆಯೇ ಒಪ್ಪಿಕೊಂಡೆ. ಇಷ್ಟಾದ ಮೇಲೆ ನಾಚಿಕೆ ಏನುಳಿದಿತ್ತು!

ಮಾಸ್ತರರು ಮರುದಿನವೇ ಕಾಲೇಜಿಗೆ ಫೋನು ಮಾಡಿದರು. ವಿಜ್ಞಾನದಲ್ಲಿ ಎರಡು ಸೀಟು ಇವೆ, ಸೋಮವಾರ ಬನ್ನಿ ಎಂದರಂತೆ. ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ 'ಮಾತೃಭಾಷೆ: ಕನ್ನಡ' ಎಂದು ಇರಬೇಕು, ಅಷ್ಟೇ. ಅದು ಯಾವ ರಾಜ್ಯದ ಮುದ್ರೆ ಎಂದು ನಾನು ಮೂರು ಸಲ ನೋಡಿದೆ! ಶಿವಕುಮಾರಿ ನೋಡಿದ್ದು ನಾಲ್ಕು ಸಲ.

ಮೊನ್ನೆ ಸೋಮವಾರ ಅವಳು, ಸುಂದ್ರವ್ವ, ನಾನು, ಮೂವರೂ ಹೋದೆವು. ಗೇಟು ಸಾಧಾರಣ. ಕ್ಯಾಂಟೀನಿನಲ್ಲಿ ಇಡ್ಲಿ, ಬನ್ಸು. ಆಫೀಸಿನಲ್ಲಿ ಮಂಗಳೂರು ಕಡೆಯ ಗುಮಾಸ್ತರೊಬ್ಬರು ಫಾರ್ಮ್ ಕೊಟ್ಟರು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಯಿತು. ಶಿವಕುಮಾರಿ ಅದನ್ನು ತನ್ನ ಕಡೆ ಎಳೆದುಕೊಂಡು, ಮೊದಲು ಸೂಚನೆಗಳ ಹಾಳೆ ತೆಗೆದು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದತೊಡಗಿದಳು. ಹತ್ತು ನಿಮಿಷ! ಹಿಂದೆ ನಿಂತವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಮಾಸ್ತರು ನಮ್ಮನ್ನು ನೋಡಿ, "ಇವರು ತಾಯಿ, ಸರಿ. ಇವರು ಎಂತ ಆಗ್ಬೇಕು ನಿಂಗೆ?" ಎಂದರು.

ಜುಲೈ ತಿಂಗಳಿಡೀ ನನ್ನ ಬಗ್ಗೆ ತುಟಿ ಬಿಚ್ಚದಿದ್ದ ಆ ಹುಡುಗಿ, ಪೆನ್ನು ಎತ್ತದೆ, ಇಡೀ ಆಫೀಸಿಗೆ ಕೇಳುವ ಹಾಗೆ, "ನನ್ನ ಮೊದಲನೇ ಫಾರ್ಮ್ ತಪ್ಪ ತುಂಬಿದ ಅಕ್ಕಾರ್ರಿ" ಎಂದಳು.

ಸುಂದ್ರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗುಮಾಸ್ತರಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ ಮಾರಾಯ್ರೆ!" ಎಂದರು.

ನಾನು ಎರಡು ಕುರ್ಚಿ ಆಚೆ ಹೋಗಿ ಕೂತೆ, ದೊಡ್ಡಮ್ಮ. ಅಷ್ಟು ಹಗುರಾಗಿ ನಾನು ಎಲ್ಲೂ ಕೂತಿರಲಿಲ್ಲ. ಅಲ್ಲಿಂದಲೇ ನೋಡಿದೆ, ಕೊನೆಯ ಪುಟದಲ್ಲಿ ಅವಳು ಸಹಿ ಹಾಕುವುದನ್ನು. ಎಷ್ಟು ನಿಧಾನ, ಎಷ್ಟು ದೊಡ್ಡ ಅಕ್ಷರ!

ಆಚೆ ಕುರ್ಚಿಯಿಂದ,
ನಿನ್ನ ಸುಪ್ರಜಾ